ಬಯಲಾಗ ತೆಗೆದ ಮೂವತ್ತಾರು ಫೋಟೋ

ಕೊಟ್ಟೂರಿನ ದಾರಿಯಲ್ಲಿ ನಮ್ಮನ್ನು ಮೊದಲು ನಿಲ್ಲಿಸಿದವಳು ಕುರಿ ಮೇಯಿಸುತ್ತಿದ್ದ ಒಬ್ಬ ಮುದುಕಿ. ನಾನು ಅವ್ವನ ಹಳೆ ಸೀರೆಯ ತುಂಡನ್ನು ಎದೆಗೆ ಜೋಳಿಗೆಯಂತೆ ಕಟ್ಟಿಕೊಂಡು, ಅದರೊಳಗಿನ ಗಂಟಿನ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯಲ್ಲಿ ಸೈಕಲ್ ಹ್ಯಾಂಡಲ್ ಹಿಡಿದು ಬರುತ್ತಿದ್ದೆ.

“ಎಷ್ಟು ತಿಂಗಳ ಕೂಸಪಾ?” ಎಂದಳು.

“ಮೂವತ್ತಾರು” ಎಂದೆ.

“ಮೂರು ವರ್ಷದ ಕೂಸನ್ನ ಇನ್ನೂ ಕಟ್ಕೊಂಡು ತಿರುಗ್ತಿಯಲ್ಲೋ! ಇಳಿಸಿ ನಡಿಸು.”

ಒಳಗಿದ್ದದ್ದು ಕೂಸಲ್ಲ, ಕ್ಯಾಮೆರಾ. ಮೂವತ್ತಾರು ಅಂದರೆ ಅದರ ರೀಲಿನಲ್ಲಿ ಬರುವ ಫೋಟೋಗಳ ಲೆಕ್ಕ. ಆ ಮುದುಕಿಯ ಮಾತು ಕೇಳಿ ಅಲ್ಲೇ ಇಳಿಸಿಬಿಟ್ಟಿದ್ದರೆ ನನ್ನ ಕೈನೋವಾದರೂ ತಪ್ಪುತ್ತಿತ್ತು.

ಕ್ಯಾಮೆರಾ ನನ್ನ ಸೋದರಮಾವನದು. ಕೂಡ್ಲಿಗಿಯಲ್ಲಿ ಅವನದೊಂದು ಫೋಟೋ ಸ್ಟುಡಿಯೋ ಇತ್ತು: ಒಂದು ಸ್ಟೂಲು, ಒಂದು ಬಾಚಣಿಗೆ, ಎಲ್ಲರ ಮುಖಕ್ಕೂ ಬಳಿದು ಬಳಿದು ಅರ್ಧವಾದ ಒಂದು ಪೌಡರ್ ಡಬ್ಬಿ, ಹಿಂದೆ ಯಾವ ಊರಿನದೆಂದು ಯಾರಿಗೂ ಗೊತ್ತಿಲ್ಲದ ಸರೋವರದ ಪರದೆ. ನನಗಾಗ ಇಪ್ಪತ್ತು ವರ್ಷ. ಪಿಯುಸಿಯ ಇಂಗ್ಲಿಷು ಎರಡು ಸಲ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿತ್ತು. ನನಗೆ ಒಲಿದ ವಿದ್ಯೆ ಒಂದೇ, ಅಣಕ. ಕಂಡಕ್ಟರ್ ಸೀಟಿ ಊದುವ ಮೊದಲು ಕೆಮ್ಮುವುದು, ಮೇಷ್ಟ್ರು ಸುಳ್ಳು ಹೇಳುವಾಗ ಕನ್ನಡಕ ಒರೆಸುವುದು, ಹಿಟ್ಟಿನ ಗಿರಣಿ ಕರೆಂಟು ಹೋದಾಗ ಏದುಸಿರು ಬಿಟ್ಟು ಸಾಯುವುದು, ಎಲ್ಲ ಬರುತ್ತಿತ್ತು. ಹುಡುಗಿಯರ ಎದುರಿಗೆ ನಾನೇ ‘ಹೆ ಹೆ’ ಎಂದು ಕಿವಿ ಕೆರೆದುಕೊಳ್ಳುವುದನ್ನೂ ನಾನೇ ಮಾಡಿ ತೋರಿಸುತ್ತಿದ್ದೆ. ಬೇರೆಯವರು ಮಾಡುವ ಮೊದಲು ನಾವೇ ಮಾಡಿಬಿಟ್ಟರೆ ನೋವು ಕಡಿಮೆ.

ಮಾಮನ ಕಸುಬಿನಲ್ಲಿ ಒಂದು ಗುಟ್ಟಿನ ಮಾತಿತ್ತು. ಮದುವೆಮನೆಗಳಲ್ಲಿ ಬೀಗರ ಬೀಗರೂ ಬಂದು “ನಮ್ಮದೊಂದು ತಗೀರಿ” ಎಂದು ಕ್ಯಾಮೆರಾದ ಮುಂದೆ ಸಾಲು ನಿಲ್ಲುತ್ತಿದ್ದರು. ಎಲ್ಲರಿಗೂ ರೀಲು ಹಾಕಿದರೆ ತಾಳಿ ಕಟ್ಟುವ ಹೊತ್ತಿಗೆ ರೀಲೇ ಇರುತ್ತಿರಲಿಲ್ಲ. ಬೇಡವೆಂದರೆ ಸಿಟ್ಟು. ಅದಕ್ಕೆ ಮಾಮ ತನ್ನ ಜೊತೆಯವನಿಗೆ ದೊಡ್ಡ ದನಿಯಲ್ಲಿ “ಇವರದು ಬಯಲಾಗ ಒಂದು ತಗಿ” ಎನ್ನುತ್ತಿದ್ದ. ಬೀಗರಿಗೆ ಖುಷಿ, ನಮಗೆ ಬಯಲಿನಲ್ಲಿ, ಗಾಳಿ ಬೆಳಕಿನಲ್ಲಿ ಬೇರೆಯೇ ಫೋಟೋ ಎಂದುಕೊಂಡು ಹೊರಗೆ ಬಂದು ಪೇಟ ಸರಿಮಾಡಿಕೊಂಡು ನಿಲ್ಲುತ್ತಿದ್ದರು. ಸ್ಟುಡಿಯೋದವರಿಗೆ ಮಾತ್ರ ಗೊತ್ತು, ಬಯಲು ಅಂದರೆ ಬರಿದು, ರೀಲಿಲ್ಲದ ಕ್ಯಾಮೆರಾ. ಬೆಳಕು ಫಕ್ಕೆನ್ನುತ್ತಿತ್ತು, ಒಳಗೆ ಏನೂ ಬೀಳುತ್ತಿರಲಿಲ್ಲ.

ಇಂಥ ಮಾತು ನನ್ನಂಥವನ ಹೊಟ್ಟೆಯಲ್ಲಿ ಎಷ್ಟು ದಿನ ಇದ್ದೀತು? ಒಂದು ದಿನ ಚಹಾದ ಅಂಗಡಿಯಲ್ಲಿ ಮಾಮನನ್ನು ಮಾಡಿ ತೋರಿಸಿದೆ. ಒಂದು ಕಣ್ಣು ಮುಚ್ಚಿ, ಹೊಟ್ಟೆ ಒಳಗೆ ಎಳೆದು, “ಯಜಮಾನ್ರದು ಬಯಲಾಗ ಒಂದು ತಗೀಲೇ!” ಎಂದೆ. ಅರ್ಥವನ್ನೂ ಬಿಡಿಸಿ ಹೇಳಿದೆ. ಜನ ಚಹಾ ಚೆಲ್ಲಿಕೊಂಡು ನಕ್ಕರು. ನಗದೆ ಕೂತವನೊಬ್ಬನಿದ್ದ. ಹಿಂದಿನ ತಿಂಗಳು ಮಗಳ ಮದುವೆಯಲ್ಲಿ ಮನೆಮಂದಿಯನ್ನೆಲ್ಲ ಬಯಲಿಗೆ ಕರೆತಂದು ನಿಲ್ಲಿಸಿದ್ದ ಯಜಮಾನ ಅವನೇ ಎಂದು ನನಗೆ ಆಮೇಲೆ ತಿಳಿಯಿತು. ಮರುದಿನ ಅವನು ಸ್ಟುಡಿಯೋಕ್ಕೆ ಹೋಗಿ, ಗಿರಾಕಿಗಳ ಮುಂದೆಯೇ, “ನಮ್ಮವು ಎಷ್ಟು ಬಯಲು, ಎಷ್ಟು ಖರೇವು, ಅದೊಂದು ಹೇಳಿಬಿಡ್ರಿ” ಎಂದನಂತೆ. ಅಂದಿನಿಂದ ಮಾಮ ಎಲ್ಲಿ ಕ್ಯಾಮೆರಾ ಎತ್ತಿದರೂ ಯಾರಾದರೊಬ್ಬರು “ಬಯಲೋ ಖರೇವೋ?” ಎನ್ನುವುದು ಊರಿನ ರೂಢಿಯೇ ಆಯಿತು.

ಮಾಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನು ಹುಷಾರಾಗಿರುತ್ತಿದ್ದೆ.

ಅದಾಗಿ ಮೂರು ತಿಂಗಳಿಗೆ, ಜೋಳದ ಸುಗ್ಗಿ ಮುಗಿದ ಮೇಲೆ, ನಾನೂ ಸೈಕಲ್ ಶಾಪ್ ಇಟ್ಟಿದ್ದ ನನ್ನ ಗೆಳೆಯನೂ ಸೈಕಲ್ ಮೇಲೆ ಊರೂರು ಸುತ್ತಿ ಬರುವುದೆಂದು ನಿಶ್ಚಯಿಸಿದೆವು. ಕೊಟ್ಟೂರು, ಉಜ್ಜಿನಿ, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಮತ್ತೆ ಕೂಡ್ಲಿಗಿ. ಅವ್ವ ಅಡುಗೆಮನೆಗೆ ಕರೆದು ಕದ ಮುಂದೆ ಮಾಡಿದಳು.

“ಹಲವಾಗಲಕ್ಕ ಹೋಗ್ತಿಯೇನು?”

ಹೊಳೆದಂಡೆಯ ಹಲವಾಗಲಿಗೆ ಅಕ್ಕನನ್ನು ಕೊಟ್ಟಿತ್ತು. ಅಲ್ಲಿಯೇ ಹೆರಿಗೆಯಾಗಿ ಏಳು ತಿಂಗಳಾಗಿತ್ತು. ಅವ್ವನಿಗೆ ಮೊಣಕಾಲು ಬಾತು, ಬಸ್ಸು ಹತ್ತುವುದು ಇಳಿಯುವುದು ಆಗದೆ, ಕೂಸಿನ ಮುಖವನ್ನೇ ಕಂಡಿರಲಿಲ್ಲ.

“ಕಾಗದದಾಗ ಕ್ಷೇಮ ಅಂತ ಬರೀತಾಳ. ಅದನ್ನ ಎಲ್ಲಾರೂ ಬರೀತಾರ. ನಿಮ್ಮ ಮಾಮನ ಕ್ಯಾಮ್ರಾ ಕೇಳಿ ಇಸ್ಕೊಂಡು ಹೋಗಿ, ಆಕಿ ಮಾರಿ ತಗೊಂಡು ಬಾ. ನೋಡಿದ್ರ ನನಗ ಗೊತ್ತಾಗ್ತೈತಿ. ಮಾಮಗ ಮಾತ್ರ ಯಾಕಂತ ಹೇಳಬ್ಯಾಡ.”

ಹೇಳಬಾರದ್ದು ಯಾಕೆಂದರೆ ಆ ಸಂಬಂಧ ತಂದವನೇ ಮಾಮ. “ಹೊಳಿದಂಡಿ ಮನಿ, ಅನ್ನಕ್ಕೇನು ಕಡಿಮಿ” ಎಂದು ಒಪ್ಪಿಸಿದ್ದ. ಅಲ್ಲಿ ಏನೋ ಸರಿಯಿಲ್ಲವೆಂಬ ಅನುಮಾನವನ್ನು ತಮ್ಮನ ಮುಂದೆ ಆಡಿದರೆ ಅವನ ಮೇಲೆ ತಪ್ಪು ಹೊರಿಸಿದಂತೆ. ಅವ್ವನಿಗೆ ಅದು ಬೇಡವಾಗಿತ್ತು. ಬೇಕಾಗಿದ್ದದ್ದು ಮಗಳ ಒಂದು ಫೋಟೋ, ಅಷ್ಟೆ.

ನಾನು ಕೇಳಿದ್ದೇ ತಡ, ಮಾಮ ಕ್ಯಾಮೆರಾ ಕೊಟ್ಟುಬಿಟ್ಟ. ರೀಲು ಹಾಕಲೆಂದು ಒಳಗಿನ ಕತ್ತಲೆಕೋಣೆಗೆ ಹೋಗಿ ತಂದ. ಹಿಂಬದಿಯ ಮುಚ್ಚಳಕ್ಕೆ ಕಪ್ಪು ಟೇಪು ಸುತ್ತಿದ್ದ.

“ಇದನ್ನ ಬಿಚ್ಚಿದ್ಯೋ, ಬೆಳಕು ಹೊಕ್ಕು ಎಲ್ಲಾ ಫೋಟೋ ಸುಟ್ಟು ಹೋಗ್ತಾವ. ಆಣಿ ಮಾಡು.”

ಆಣೆ ಮಾಡಿದೆ. ಅರ್ಧ ತಾಸು ಉಪದೇಶವಾಯಿತು. “ಹಿಂದಿನ ಕ್ಯಾರಿಯರಿಗೆ ಕಟ್ಟಬ್ಯಾಡ ಅಳಿಯಾ, ಕುಲುಕಾಟಕ್ಕ ಹರಪನಳ್ಳಿ ಮುಟ್ಟೂದ್ರಾಗ ಒಂದೊಂದು ಸ್ಕ್ರೂ ಒಂದೊಂದು ಊರಾಗ ಉಳೀತಾವ. ಹ್ಯಾಂಡಲ್ಲಿಗೆ ತೂಗು ಹಾಕಿದ್ರ ಎತ್ತಿನ ಗಂಟಿ ಹಂಗ ಬಡ್ಕೊಂತೈತಿ. ಮೈಗೆ ಕಟ್ಕೊ. ಬಸ್ಸು ಹಾದುಹೋದ್ರ ಧೂಳು ಕೂಡೂತನಕ ಹೊರಗ ತಗೀಬ್ಯಾಡ. ಬಿಸಿಲಾಗ ಇಟ್ರ ರೀಲು ಬೇಯ್ತೈತಿ.” ಕಡೆಗೆ ಬಾಗಿಲಿಗೆ ಬಂದು ನನ್ನ ಬೆನ್ನು ತಟ್ಟಿ, “ಹೋಗಿ ಬಾ. ಎಲ್ಲಾ ಬಯಲಾಗ ತಗಿ, ಚಂದ ಬರ್ತಾವ” ಎಂದ.

ಎಲ್ಲಾ ಬಯಲಾಗ ತಗಿ. ಊರಿಗೆಲ್ಲ ಆ ಮಾತಿನ ಅರ್ಥ ಬಿಡಿಸಿ ಹೇಳಿದವನು ನಾನು. ನನ್ನ ಕಿವಿಗೇ ಅದು ಬಿತ್ತು. ಕೇಳಿಸಲಿಲ್ಲ.

ಕ್ಯಾಮೆರಾವನ್ನು ಬಿಡಿಸಿದ ಹತ್ತಿಯಲ್ಲಿ ಹುದುಗಿಸಿ, ಬೆವರು ತಾಗದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಅದನ್ನು ಅವ್ವನ ಸೀರೆಯ ತುಂಡಿನಲ್ಲಿ ಎದೆಗೆ ಕಟ್ಟಿಕೊಂಡೆ. ಇದೇ ಸೀರೆಯಲ್ಲಿ ಅಕ್ಕನನ್ನೂ ನನ್ನನ್ನೂ ಕಟ್ಟಿಕೊಂಡು ಅವ್ವ ಹೊಲಕ್ಕೆ ಹೋಗುತ್ತಿದ್ದಳಂತೆ. ತಗ್ಗು ಬಂದರೆ ಪೆಡಲಿನ ಮೇಲೆ ಎದ್ದು ನಿಲ್ಲುತ್ತಿದ್ದೆ. ಲಾರಿ ಬಂದರೆ ಬೆನ್ನು ತಿರುಗಿಸಿ ರಸ್ತೆಬದಿಯಲ್ಲಿ ಕೂತುಬಿಡುತ್ತಿದ್ದೆ. ನೀರು ಕುಡಿಯುವಾಗ ಬಗ್ಗುತ್ತಿರಲಿಲ್ಲ, ಗೆಳೆಯ ಮೇಲಿನಿಂದ ಹೊಯ್ಯಬೇಕಿತ್ತು. “ಲೇ ಬಾಣಂತಿ, ಇನ್ನೊಂದೀಟು ಬೇಕೇನು?” ಎಂದು ಅವನು ಹೊಯ್ಯುತ್ತಿದ್ದ.

ಉಜ್ಜಿನಿಯಲ್ಲಿ ಗುಡಿಯ ಮುಂದೆ ಯಾತ್ರೆಗೆ ಬಂದವರ ಫೋಟೋ ತೆಗೆಯುವ ಒಬ್ಬನಿದ್ದ. ಅವನದೂ ನಮ್ಮದರಂಥದ್ದೇ ಕ್ಯಾಮೆರಾ. ಗೆಳೆಯ ಅವನ ಕೈಯನ್ನೇ ಬಹಳ ಹೊತ್ತು ನೋಡುತ್ತ ನಿಂತ. ಆಮೇಲೆ ನಾನು ಒಂದು ಫೋಟೋ ತೆಗೆದು ರೀಲು ಮುಂದೆ ಸರಿಸುವ ಸನ್ನೆ ಎಳೆಯುವಾಗ ಹತ್ತಿರ ಬಂದು ನನ್ನ ಕೈಯನ್ನೂ ನೋಡಿದ. “ಏನಲೇ?” ಎಂದೆ. “ಏನಿಲ್ಲ. ಊಟಕ್ಕ ಎಲ್ಲಿ ಹೋಗೂಣು?” ಎಂದ. ಅವನ ತಲೆಯಲ್ಲಿ ಊಟ ಬಿಟ್ಟು ಬೇರೆ ಇರುವುದಿಲ್ಲವೆಂದು ನಾನು ನಕ್ಕೆ.

ಊಟಕ್ಕೆ ನಮಗೆ ಕೊರತೆಯಾಗಲಿಲ್ಲ. ಕ್ಯಾಮೆರಾ ಕಂಡರೆ ಜನ ಒಳಗೆ ಕರೆದು ಮಣೆ ಹಾಕುತ್ತಿದ್ದರು. ಚಿಗಟೇರಿಯಲ್ಲಿ ಶೇಂಗಾ ಬಿಡಿಸುತ್ತಿದ್ದ ಒಂದು ಮನೆಯವರು ಕೆಲಸ ಬಿಟ್ಟು ಎದ್ದು, ಮುಖ ತೊಳೆದು, ಹೊಸ ಅಂಗಿ ತೊಟ್ಟು ನಿಂತರು. ನಾನು ಮಾಮನ ಹಾಗೆಯೇ ಒಂದು ಕಣ್ಣು ಮುಚ್ಚಿ, ಹೊಟ್ಟೆ ಎಳೆದು, “ಒಳಗ ಕತ್ತಲಿ ಐತಿ, ಬಯಲಾಗ ಬರ್ರಿ, ಎಲ್ಲಾ ಬಯಲಾಗ!” ಎಂದು ಕೂಗಿದೆ. ಬಂದರು. ಮಾಮನ ಅಣಕ ಅಷ್ಟು ಚೆನ್ನಾಗಿ ನಾನು ಮತ್ತೆಂದೂ ಮಾಡಿಲ್ಲ. ಎಲ್ಲರ ವಿಳಾಸ ಬರೆದುಕೊಂಡು, “ಒಂದು ತಿಂಗಳಾಗ ಟಪಾಲಿಗೆ ಬರ್ತಾವ್ರಿ” ಎಂದು ಮಾತು ಕೊಟ್ಟೆ. ರೊಟ್ಟಿ, ಶೇಂಗಾ ಚಟ್ನಿ, ಮೊಸರು ಹಾಕಿ ಕಳಿಸಿದರು.

ಹಲವಾಗಲಿಗೆ ಮುಟ್ಟಿದಾಗ ಮಧ್ಯಾಹ್ನ. ಅಕ್ಕ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ನನ್ನನ್ನು ನೋಡಿ, ಎದೆಯ ಮೇಲಿನ ಜೋಳಿಗೆ ನೋಡಿ, “ಲೇ, ನೀನೂ ಹಡದು ಬಂದಿಯೇನೋ?” ಎಂದು ನಕ್ಕಳು. ಅಕ್ಕನ ಅತ್ತೆ ಹೊರಗೆ ಬಂದು, “ಬಾರಪ್ಪ, ಕೂತ್ಕೊ. ಮನೇಲೆಲ್ಲ ಚೆನ್ನಾಗದಾರಾ? ನಿಮ್ಮಕ್ಕಂಗೆ ಇಲ್ಲಿ ಏನೂ ಕಡಿಮಿಲ್ಲ ನೋಡು” ಎಂದರು. ನಾನು ಕೇಳುವ ಮೊದಲೇ ಹೇಳಿದರು.

ಅಕ್ಕ ಮದುವೆಯ ಸೀರೆ ಉಟ್ಟು, ಕೂಸನ್ನು ಎತ್ತಿಕೊಂಡು ಬೇವಿನ ಮರದ ಮುಂದೆ ನಿಂತಳು. ಕೂದಲು ಹಣೆಗೆ ಬಂದಿತ್ತು. “ಸರಿಮಾಡ್ಕೋ” ಎಂದೆ. ಕೈ ಎತ್ತಿ ಸರಿಮಾಡಿಕೊಂಡಳು. ಕೂಸು ನಗಲೆಂದು ನಾನು ಹಿಟ್ಟಿನ ಗಿರಣಿಯಾದೆ, ಕಂಡಕ್ಟರಾದೆ, ಕಾಗೆಯಾದೆ. ಕೂಸು ನಕ್ಕಿತು, ಅಕ್ಕನೂ ನಕ್ಕಳು. ಒಂದಕ್ಕೆ ಮೂರಿರಲಿ ಎಂದು ಮೂರು ತೆಗೆದೆ. ಹೊರಡುವಾಗ, “ಅವ್ವಗ ಏನು ಹೇಳಲಿ?” ಎಂದೆ.

“ಚೆನ್ನಾಗಿ ಅದಾಳ ಅಂತ ಹೇಳು” ಎಂದಳು. ನನಗೆ ಹಡಗಲಿ ಮುಟ್ಟುವ ಅವಸರ. ತಲೆಯಾಡಿಸಿ ಪೆಡಲ್ ತುಳಿದೆ.

ಹಡಗಲಿಯಲ್ಲಿ ಹೂವಿನ ತೋಟದವರ ನಾಲ್ಕು ಫೋಟೋ ತೆಗೆದೆ. ಹಗರಿಬೊಮ್ಮನಹಳ್ಳಿಯ ಹತ್ತಿರ ಒಂದು ಎತ್ತು ಅಡ್ಡ ಬಂದು ನಾನು ಬಿದ್ದೆ. ಬೀಳುವಾಗ ಗಾಳಿಯಲ್ಲೇ ಹೊರಳಿ ಬೆನ್ನು ಕೆಳಗೆ ಕೊಟ್ಟೆ. ಕ್ಯಾಮೆರಾಕ್ಕೆ ಏನೂ ಆಗಲಿಲ್ಲ. ನನ್ನ ಎಡ ಮೊಣಕೈಯ ಚರ್ಮ ಹೋಯಿತು, ಇವತ್ತಿಗೂ ಅಲ್ಲಿ ಬೇರೆ ಬಣ್ಣವಿದೆ. ಗೆಳೆಯ ಓಡಿ ಬಂದು ಎತ್ತಿದ. ರಕ್ತ ನೋಡಿ ಏನೋ ಹೇಳಲು ಬಾಯಿ ತೆರೆದ. “ಮೊದಲು ಕ್ಯಾಮ್ರಾ ನೋಡಲೇ, ಒಡೆದಿಲ್ಲಲ್ಲ?” ಎಂದೆ. ಬಾಯಿ ಮುಚ್ಚಿಕೊಂಡ.

ಹತ್ತನೆಯ ದಿನ ಕೂಡ್ಲಿಗಿಗೆ ಬಂದು, ಮನೆಗೂ ಹೋಗದೆ ಸ್ಟುಡಿಯೋಕ್ಕೆ ಹೋದೆವು. ಜೋಳಿಗೆ ಬಿಚ್ಚಿ ಕ್ಯಾಮೆರಾವನ್ನು ಮಾಮನ ಕೈಗೆ ಕೊಟ್ಟೆ. ಅವನು ತಿರುಗಿಸಿ ತಿರುಗಿಸಿ ನೋಡಿದ. ಮಸೂರಕ್ಕೆ ಉಸಿರು ಬಿಟ್ಟು ಒರೆಸಿದ. “ಭೇಷ್ ಅಳಿಯಾ, ಒಂದು ಗೀರು ಇಲ್ಲ” ಎಂದ. ನಾನು ಬೀಗಿದೆ. ಆಮೇಲೆ ಅವನು ಹಾಡುಹಗಲಿನ ಬೆಳಕಿನಲ್ಲಿ, ಮೇಜಿನ ಮೇಲೆ, ಆ ಕಪ್ಪು ಟೇಪನ್ನು ಪರಪರ ಕಿತ್ತ.

“ಮಾಮಾ! ಬೆಳಕು! ಬೆಳಕು!” ಎಂದು ಎರಡೂ ಕೈ ಅಡ್ಡ ಹಿಡಿದೆ.

ಅವನು ಮುಚ್ಚಳ ತೆರೆದು ನನ್ನ ಮುಖದ ಮುಂದೆ ಹಿಡಿದ. ಒಳಗೆ ರೀಲಿರಲಿಲ್ಲ. ತೊಳೆದಿಟ್ಟ ಲೋಟದ ಹಾಗೆ ಖಾಲಿ.

“ಹೇಳಿದ್ನಲ್ಲ,” ಎಂದ ಮಾಮ, “ಎಲ್ಲಾ ಬಯಲಾಗ ತಗಿ ಅಂತ. ಊರಿಗೆಲ್ಲಾ ಅರ್ಥ ಹೇಳಿದ ಶಾಣ್ಯಾ, ನಿನಗ ಅರ್ಥ ಆಗಲಿಲ್ಲೇನು?”

“ಬಿಸಿಲಿಗೆ ರೀಲು ಬೇಯ್ತೈತಿ ಅಂದಿದ್ಯಲ್ಲ!”

“ಇಲ್ಲದ ರೀಲು ಹೆಂಗಲೇ ಬೇಯ್ತೈತಿ?”

ಸ್ಟೂಲಿನ ಮೇಲೆ ಕೂತಿದ್ದ ಗಿರಾಕಿಯೂ ನಕ್ಕ. ಬಹುಶಃ ಚಹಾದ ಅಂಗಡಿಯಲ್ಲಿ ನನ್ನ ಅಣಕಕ್ಕೆ ನಕ್ಕವರಲ್ಲಿ ಅವನೂ ಒಬ್ಬ. ನಾನು ಅಕ್ಕನ ವಿಷಯ ಹೇಳಲಿಲ್ಲ. ಹೇಳುವುದಿಲ್ಲವೆಂದು ಅವ್ವನಿಗೆ ಮಾತು ಕೊಟ್ಟಿದ್ದೆ.

ಹೊರಗೆ ಬಂದಾಗ ಗೆಳೆಯ ಸೈಕಲ್ಲಿನ ಚೈನನ್ನು ನೋಡುತ್ತ ನಿಂತಿದ್ದ. ಅವನಿಗೆ ಆಶ್ಚರ್ಯವೇ ಆಗಿರಲಿಲ್ಲ.

“ನಿನಗ ಗೊತ್ತಿತ್ತೇನಲೇ?”

“ಉಜ್ಜಿನ್ಯಾಗ ಗೊತ್ತಾತು” ಎಂದ. “ಆ ಫೋಟೋದವ ಬಲಗಡಿ ಸನ್ನಿ ಎಳೆದ್ರ ಎಡಗಡಿ ಗುಂಡಿ ತಿರುಗ್ತಿತ್ತು. ನಿಂದು ತಿರುಗಲಿಲ್ಲ. ಪೆಡಲ್ ತುಳಿದ್ರ ಹಿಂದಿನ ಗಾಲಿ ತಿರುಗಲಿಲ್ಲ ಅಂದ್ರ ಏನರ್ಥ? ಚೈನಿಲ್ಲ ಅಂತ.”

“ಮತ್ತ ಯಾಕ ಹೇಳಲಿಲ್ಲ?”

“ಹೇಳಿದ್ರ ಊಟ ಯಾರು ಹಾಕ್ತಿದ್ರು?” ಎಂದ. ಚೈನಿನ ಧೂಳು ಒರೆಸುತ್ತ, “ನಿಮ್ಮಕ್ಕನ ಮನ್ಯಾಗ ಹೇಳಬೇಕಂತ ಮಾಡಿದ್ದೆ. ನೀ ಕಾಗಿ ಆಗಿದ್ದಿ. ಆಕಿ ನಗ್ತಿದ್ಲು” ಎಂದ.

ಎಂಟು ದಿನ ನನ್ನ ಬೆನ್ನ ಹಿಂದೆಯೇ ಸೈಕಲ್ ತುಳಿದವನು. ಬಾಯಿಗೆ ನೀರು ಹೊಯ್ದವನು. ಮಾಮನದಾದರೂ ಸೇಡು, ಇವನದಕ್ಕೆ ಏನೆಂದು ಹೆಸರಿಡಲಿ? ಮೊಸರೆಂದೇ?

ಅವ್ವ ಹೊಸ್ತಿಲಲ್ಲೇ ಕೂತಿದ್ದಳು. ಕೈ ಒರೆಸಿಕೊಂಡು ನೀಡಿದಳು, ಫೋಟೋ ಆಗಲೇ ಆಗಿ ಬಂದಿರುತ್ತದೆ ಎನ್ನುವ ಹಾಗೆ. ನಾನು ಇದ್ದದ್ದನ್ನು ಹೇಳಿದೆ. ಅವಳು ಸಿಟ್ಟಾಗಲಿಲ್ಲ. ಕೈಯನ್ನು ಮೆಲ್ಲಗೆ ಮಡಿಲಿಗೆ ಎಳೆದುಕೊಂಡಳು. ಆ ಕೈ ಹಿಂದಕ್ಕೆ ಹೋದದ್ದನ್ನು ನಾನು ಯಾರ ಮುಂದೆಯೂ ಮಾಡಿ ತೋರಿಸಿಲ್ಲ.

“ಹೋಗಲಿ ಬಿಡು. ಎಲ್ಲಾರನೂ ಮಾಡಿ ತೋರಸ್ತಿಯಲ್ಲ, ಆಕಿನ್ನ ಮಾಡು. ಹೆಂಗ ಅದಾಳ, ನೋಡೂಣು.”

ಮಾಡಿದೆ. ಬಟ್ಟೆ ಒಗೆಯುವುದು, ಕೂಸನ್ನು ಸೊಂಟಕ್ಕೆ ಏರಿಸುವುದು, ಹಣೆಯ ಕೂದಲು ಸರಿಮಾಡಿಕೊಳ್ಳುವುದು. ಕೂದಲಿಗೆ ಕೈ ಎತ್ತಿದಾಗ ನನ್ನ ಇನ್ನೊಂದು ಕೈ ತಾನಾಗಿಯೇ ಮಣಿಕಟ್ಟಿನಿಂದ ಮೊಣಕೈಯವರೆಗೆ ಜಾರಿತು.

“ಅದೇನು?” ಎಂದಳು ಅವ್ವ.

“ಬಳಿ. ಕೈ ಎತ್ತಿದ್ರ ಬಳಿ ಮೊಣಕೈತನಕ ಜಾರಿದ್ವು.”

ನೋಡುವಾಗ ನಾನು ಅದನ್ನು ಕಂಡೇ ಇರಲಿಲ್ಲ. ಮೈ ಕಂಡಿಟ್ಟುಕೊಂಡಿತ್ತು. ಅವ್ವ ತನ್ನ ಮಣಿಕಟ್ಟು ಹಿಡಿದುಕೊಂಡಳು. “ಇಲ್ಲೇ ಇಡಿಸಿದ ಬಳಿ. ಸಾಬೂನು ಹಚ್ಚಿ ಒತ್ತಿ ಒತ್ತಿ ಏರಿಸಿದ್ರು. ನೋವಾತು ಅಂತ ಅತ್ತಿದ್ಲು.” ಆಮೇಲೆ, “ಹೊರಡೂ ಮುಂದ ಏನಂದ್ಲು? ಆಕಿ ಹಂಗ ಹೇಳು.”

ಹೇಳಿದೆ. ಅಣಕದಲ್ಲಿ ನನಗೆ ಸುಳ್ಳು ಬರುವುದಿಲ್ಲ. ಮೊದಲು ಬಾಗಿಲ ಕಡೆ ಒಮ್ಮೆ ನೋಡಿದೆ. ಉಗುಳು ನುಂಗಿದೆ. ಆಮೇಲೆ ಅಕ್ಕನ ದನಿಯಲ್ಲಿ, “ಚೆನ್ನಾಗಿ ಅದಾಳ ಅಂತ ಹೇಳು” ಎಂದೆ.

“ಆ ಕಡಿ ಯಾಕ ನೋಡಿದಿ?”

“ನಾನಲ್ಲ. ಆಕಿ ನೋಡಿದ್ಲು.”

ಅವ್ವ ಎದ್ದಳು. ಆ ಮೊಣಕಾಲಿನಲ್ಲಿ ಸೀದಾ ಸ್ಟುಡಿಯೋಕ್ಕೆ ನಡೆದು ಹೋದಳು. ನಾನು ಹಿಂದೆ ಹೋದೆ. ಬಾಗಿಲಲ್ಲೇ ನಿಂತು, “ತಮ್ಮಾ, ಆ ಫೋಟೋ ನನಗ ಬೇಕಾಗಿತ್ತು” ಎಂದಳು. ಯಾಕೆ ಎಂದು ಅವನು ಕೇಳಿದ. ಅವಳು ಎರಡೇ ಮಾತಿನಲ್ಲಿ ಹೇಳಿದಳು. ಮಾಮನ ಮುಖದಲ್ಲಿ ಆದದ್ದನ್ನು ನೋಡಿ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. “ನನಗ ಒಂದು ಮಾತು ಹೇಳಬಾರದಿತ್ತೇನಕ್ಕಾ?” ಎಂದ. “ನಿನಗ ಹೇಳೂದಕ್ಕ ಆಗ್ತಿದ್ರ ಫೋಟೋ ಯಾಕ ಬೇಕಿತ್ತು?” ಎಂದಳು.

ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಹೋದರು. ಅವ್ವನನ್ನು ಮಾಮ ಎತ್ತಿ ಹತ್ತಿಸಿದ. ಅಲ್ಲಿ ಏನು ಮಾತಾಯಿತೆಂದು ನನಗೆ ಯಾರೂ ಹೇಳಲಿಲ್ಲ. ನನ್ನ ಮುಂದೆ ಹೇಳಿದರೆ ಊರ ಮುಂದೆ ಹೇಳಿದಂತೆ ಎಂದು ಇಬ್ಬರಿಗೂ ಗೊತ್ತಿತ್ತು. ನಾಲ್ಕನೆಯ ದಿನ ಅಕ್ಕ ಕೂಸಿನೊಂದಿಗೆ ಬಂದಳು. ಮೈ ಹಿಡಿಯುವವರೆಗೆ ಇಲ್ಲೇ ಎಂದಾಗಿತ್ತು.

ತಿಂಗಳೊಳಗೆ ಚಿಗಟೇರಿಯಿಂದ ಒಂದು ಕಾರ್ಡು ಬಂತು. ‘ಫೋಟೋ ಇನ್ನೂ ಮುಟ್ಟಿಲ್ಲ, ಅಜ್ಜ ದಿನಾ ಟಪಾಲಿನವನನ್ನು ಕೇಳುತ್ತಾನೆ’ ಎಂದು ದುಂಡು ಅಕ್ಷರದಲ್ಲಿತ್ತು. ನಾನು ಉತ್ತರ ಬರೆಯಲಿಲ್ಲ. ಏನೆಂದು ಬರೆಯಲಿ? ನಿಮ್ಮದು ಬಯಲಾಗ ತಗದೀನಿ ಎಂದೇ? ಮಾಮ ನನಗೆ ಮಾಡಿದ್ದನ್ನು ನಾನು ಮನೆಮನೆಗೆ ಹಂಚಿ, ಮೇಲೆ ಊಟವನ್ನೂ ಉಂಡು ಬಂದಿದ್ದೆ.

ಅಕ್ಕನ ಕೈಗೆ ಬಳೆ ಬಿಗಿಯಾದ ಮೇಲೆ ಮಾಮನೇ ಮನೆಗೆ ಬಂದು, ತಾನು ಫೋಟೋ ತೆಗೆಯುತ್ತೇನೆಂದು ಕರೆದುಕೊಂಡು ಹೋದ. ಅಕ್ಕ ಕೂಸನ್ನು ತೊಡೆಯ ಮೇಲೆ ಇಟ್ಟುಕೊಂಡು ಸರೋವರದ ಪರದೆಯ ಮುಂದೆ ಕೂತಳು. ನಾನು ಮಾಮನ ಪಕ್ಕ ನಿಂತಿದ್ದೆ. “ಲೇ, ಕಾಗಿ ಮಾಡೋ, ಕೂಸು ನಗಲಿ” ಎಂದಳು ಅಕ್ಕ. ಮಾಮನೂ “ಮಾಡಲೇ ಅಳಿಯಾ” ಎಂದ.

ನಾನು ಕಾಗೆಯಾಗಲಿಲ್ಲ. ಎಡಗಡೆಯ ಗುಂಡಿಯನ್ನು ನೋಡುತ್ತಿದ್ದೆ. ಮಾಮ ಒಂದು ತೆಗೆದು ಸನ್ನೆ ಎಳೆದ. ಗುಂಡಿ ತಿರುಗಿತು. ಇನ್ನೊಂದು ತೆಗೆದ. ಮತ್ತೆ ನೋಡಿದೆ. ಅದೂ ತಿರುಗಿತು.

ಆ ಫೋಟೋ ಈಗಲೂ ನಮ್ಮ ಮನೆಯಲ್ಲಿದೆ. ಅದರಲ್ಲಿ ಅಕ್ಕನೂ ಕೂಸೂ ಕ್ಯಾಮೆರಾ ನೋಡುತ್ತಿಲ್ಲ, ನಗುತ್ತಲೂ ಇಲ್ಲ. ಇಬ್ಬರೂ ಪಕ್ಕಕ್ಕೆ, ನಾನು ನಿಂತಿದ್ದ ಕಡೆಗೆ, ನಾನು ಈಗೇನಾದರೂ ಮಾಡುತ್ತೇನೆಂದು ಕಾಯುತ್ತ ಕೂತಿದ್ದಾರೆ.